ಪಟ್ಟಿಯಿಂದ ಬಿಟ್ಟವರು

ನಿಲಾಯ್
೨೨ ಮಾರ್ಚ್ ೨೦೨೦

ಪ್ರಿಯ ಮುಯೀನ್,

ಫೋನಿನಲ್ಲಿ ನಿನ್ನನ್ನು ಹಿಡಿಯುವುದೇ ಕಷ್ಟ. ಹಿಡಿದರೂ ಎರಡು ಮಾತಿಗೆ "ಅಕ್ಕ, ಇನ್ನೊಂದು ಕಾಲ್ ಬಂತು" ಅನ್ನುತ್ತೀ. ಅದಕ್ಕೇ ಈ ಮೇಲ್. ಈ ಪರದೇಶದಲ್ಲಿ, ಬ್ರಿಕ್‌ಫೀಲ್ಡ್ಸ್‌ನ ಅಂಗಡಿಯಲ್ಲಿ ಕೊನೆಯ ಕುಚ್ಚಲಕ್ಕಿ ಮೂಟೆಗಾಗಿ ನನ್ನೊಡನೆ ಕನ್ನಡದಲ್ಲಿ ಜಗಳಾಡಿದವನು ನೀನು, ಕನ್ನಡದಲ್ಲಿ ಬರೆದರೆ ಓದಲೇಬೇಕು.

ಲಾಕ್‌ಡೌನ್ ಎಂದದ್ದೇ ತಡ, ಹದಿನೇಳನೆಯ ತಾರೀಖು ಬೆಳಿಗ್ಗೆ ನಮ್ಮ ಬ್ಯಾಡ್ಮಿಂಟನ್ ಕ್ಲಬ್ಬಿನ ಹಾಸ್ಟೆಲ್ ಖಾಲಿಯಾಯಿತು. ನಾನು ಮೆಡಿಕಲ್ ಕಾಲೇಜಿನಲ್ಲಿ ಕ್ಲಿನಿಕ್ ಮುಚ್ಚಿ ಬರುವಾಗ ಎರಡು ಗಂಟೆ. ಮೆಟ್ಟಿಲ ಮೇಲೆ ನಾಲ್ಕಾರು ಬಿಟ್ಟುಹೋದ ಚಪ್ಪಲಿಗಳು, ಅಷ್ಟೇ. ಗೇಟಿನ ಕಾವಲುಗಾರ ದೇವದಾಸ "ಬಸ್ಸಲ್ಲಿ ಅರ್ಧ, ಕಾರಲ್ಲಿ ಅರ್ಧ, ಎಲ್ರೂ ಹೋದ್ರು ಮೇಡಂ" ಎಂದ. ಮ್ಯಾನೇಜರ್ ಆಟದ ಹಾಲ್‌ಗೆ ಹೊರಗಿನಿಂದ ಸರಪಳಿ ಬಿಗಿದು, ಕರೆಂಟು ತೆಗೆಸಿ, ಕೀಲಿ ಹಿಡಿದುಕೊಂಡು ಪೆನಾಂಗಿಗೆ ಹೋಗಿಬಿಟ್ಟ. ಈಗ ವಾರ್ಡನ್ ಮನೆಯಲ್ಲಿ ಕ್ಲಬ್ಬಿನ ಡಾಕ್ಟರಾದ ನಾನು, ಮುನ್ನೂರು ಮೀಟರ್ ಆಚೆ ಗೇಟಿನಲ್ಲಿ ದೇವದಾಸ. ನಡುವೆ ಹಾಸ್ಟೆಲ್ಲೂ ಹಾಲ್ ಕೂಡ.

ಒಂದು ಮಾತು ಕೇಳಬೇಕು. ಮುಚ್ಚುವ ಹಿಂದಿನ ದಿನ ನೀನು ಕಳಿಸಿದ ತಂಡಗಳ ಪಟ್ಟಿಯಲ್ಲಿ ಆಮ್ನಾಳ ಹೆಸರು ಬಿಟ್ಟುಹೋಗಿದೆ. ಎರಡು ವರ್ಷ ಇಲ್ಲಿ ಎರಡನೇ ತಂಡದಲ್ಲಿ ಆಡಿ, ಈ ತಿಂಗಳು ಕ್ಲಾಂಗಿನ ಮೇಲಿನ ತಂಡಕ್ಕೆ ಬರಬೇಕಾಗಿದ್ದ ಹುಡುಗಿ. ಎಡಗೈಯಲ್ಲಿ ಅವಳು ಹೊಡೆಯುವ ಡ್ರಾಪ್ ಶಾಟ್ ನೋಡಲು ಕೋಚ್‌ಗಳೂ ನಿಲ್ಲುತ್ತಿದ್ದರು. ಏಕೆ ಬಿಟ್ಟಿರಿ?

ಸ್ವರ್ಣಲತಾ


ಕ್ಲಾಂಗ್
೨೫ ಮಾರ್ಚ್ ೨೦೨೦

ಸ್ವರ್ಣಕ್ಕ, ನಮಸ್ಕಾರ.

ಪಟ್ಟಿ ನನ್ನೊಬ್ಬನದಲ್ಲ. ನಾನು ಅಂಕಿಸಂಖ್ಯೆ ಸೇರಿಸಿ ಮೇಲೆ ಕಳಿಸುತ್ತೇನೆ, ಅಲ್ಲಿ ಐದು ಜನ ಸಹಿ ಹಾಕುತ್ತಾರೆ. ಆಮ್ನಾಳ ಹೆಸರಿನ ಮುಂದೆ ಕಾರಣ 'ವೈದ್ಯಕೀಯ' ಎಂದಿದೆ. ಅವಳ ಮೊಣಕಾಲನ್ನು ನೋಡಿದವರು ನೀವೇ ಅಲ್ಲವೇ? ಅವಳ ಜಾಗಕ್ಕೆ ಮೂರನೇ ತಂಡದಿಂದ ಸಮೀಕ್ಷಾ ಎಂಬ ಹುಡುಗಿಯನ್ನು ನೇರ ಮೇಲಕ್ಕೆ ತಂದಿದ್ದಾರೆ.

ಇಲ್ಲಿ ವಿಚಿತ್ರ ನಡೆಯುತ್ತಿದೆ. ದೇಶದಲ್ಲಿ ಯಾರೂ ಆಡುತ್ತಿಲ್ಲ, ಆದರೂ ಹದಿನೈದು ದಿನಕ್ಕೊಮ್ಮೆ ಪಟ್ಟಿ ಬೇಕೇ ಬೇಕು ಎನ್ನುತ್ತಾರೆ. ನಿನ್ನೆ ಇಬ್ಬರನ್ನು ಎರಡನೇ ತಂಡದಿಂದ ಮೂರನೆಯದಕ್ಕೆ ಇಳಿಸಿದೆ. ಆ ಹೊತ್ತಿಗೆ ಅವರು ತಮ್ಮ ತಮ್ಮ ಮನೆಯಲ್ಲಿ ನಿದ್ದೆ ಹೊಡೆಯುತ್ತಿದ್ದಿರಬೇಕು. ಎದ್ದು ನೋಡಿದಾಗ ಒಂದು ಮೆಟ್ಟಿಲು ಕೆಳಗಿದ್ದರು.

ನೀವು ದಿನಾ ಕಳಿಸುತ್ತಿರುವುದು ನನಗೆ ತಲುಪುತ್ತಿದೆ, ಅಕ್ಕ. ಏಕೆ ಕಳಿಸುತ್ತೀರಿ ಎಂಬುದೂ ಅರ್ಥವಾಗುತ್ತದೆ. ಆದರೆ ಸಾಕು. ನೋಡಲು ಆಗುತ್ತಿಲ್ಲ.

ಮಾಸ್ಕ್ ಇಲ್ಲದೆ ಗೇಟಿನ ತನಕವೂ ಹೋಗಬೇಡಿ.

ಮುಯೀನ್


ನಿಲಾಯ್
೩೦ ಮಾರ್ಚ್ ೨೦೨೦

ಪ್ರಿಯ ಮುಯೀನ್,

'ಸಾಕು' ಎಂದದ್ದು ನಾನು ದಿನಾ ಕಳಿಸುವ ಜ್ವರದ ವರದಿಗೆ ತಾನೇ? ಇರುವುದು ನಾನು ಮತ್ತು ದೇವದಾಸ, ಇಬ್ಬರದೂ ತೊಂಬತ್ತೆಂಟು ದಾಟುವುದಿಲ್ಲ. ಇನ್ನು ವಾರಕ್ಕೊಮ್ಮೆ ಕಳಿಸುತ್ತೇನೆ. ನೋಡಲು ಆಗದಂಥದ್ದು ಅದರಲ್ಲೇನಿದೆಯೋ ತಿಳಿಯಲಿಲ್ಲ.

ಈಗ ಬರೆಯುವುದನ್ನು ಓದಿ ನಗಬೇಡ. ಸಂಜೆ ನಾಲ್ಕಕ್ಕೆ ಹಾಲ್‌ನ ಒಳಗಿನಿಂದ ಸದ್ದು ಬರುತ್ತದೆ. ಮೊದಲ ದಿನದಿಂದಲೂ ಬರುತ್ತಿತ್ತು, ನಿನಗೆ ಹೇಳಿರಲಿಲ್ಲ. ರ್‍ಯಾಕೆಟ್ಟಿಗೆ ಶಟಲ್ ಬಡಿದ ಸದ್ದು, ಒಂದೇ ಒಂದು. ಆಮೇಲೆ ಬರೀ ಶೂ. ಮರದ ನೆಲದ ಮೇಲೆ ಹಿಂದೆ, ಮುಂದೆ, ಮೂಲೆಗೆ, ಮತ್ತೆ ನಡುವಿಗೆ. ಶಟಲ್ ತಿರುಗಿ ಬಂದ ಸದ್ದಿಲ್ಲ, ಓಟ ಮಾತ್ರ ನಿಲ್ಲುವುದಿಲ್ಲ. ಕೊನೆಗೆ ಥಟ್ಟನೆ ನಿಲ್ಲುತ್ತದೆ. ಅರೆಗಳಿಗೆ ಬಿಟ್ಟು ಮತ್ತೊಂದು ಹೊಡೆತ. ಐದೂವರೆಗೆ ಎಲ್ಲ ಸ್ತಬ್ಧ.

ದೇವದಾಸನನ್ನು ಕರೆತಂದೆ. ಕಿವಿಗೊಟ್ಟು ಕೇಳಿದ. ಕಾಸರಗೋಡಿನವನು, ಧೈರ್ಯಸ್ಥ ಎಂದುಕೊಂಡಿದ್ದೆ. "ನಂಗೆ ಒಳಗೆ ಹೋಗ್ಲಿಕ್ಕೆ ಆರ್ಡರ್ ಇಲ್ಲ ಮೇಡಂ. ನೀವೂ ಹೋಗ್ಬೇಡಿ," ಎಂದು ಸರಸರ ನಡೆದುಬಿಟ್ಟ. ಅಂದಿನಿಂದ ಇತ್ತ ಸುಳಿದಿಲ್ಲ.

ಇಪ್ಪತ್ತೈದು ವರ್ಷ ಮಣಿಪಾಲದಲ್ಲೂ ಇಲ್ಲೂ ಮೂಳೆ ಡಾಕ್ಟರಾಗಿ ಜನರ ನಡಿಗೆ ನೋಡಿ ಬದುಕಿದವಳು ನಾನು. ಕಣ್ಣು ಮುಚ್ಚಿದರೂ ಕಾಲು ಓದಬಲ್ಲೆ. ಒಳಗಿನ ಆ ಹೆಜ್ಜೆ ಬಲಗಾಲನ್ನು ತುಸು ತಡವಾಗಿ ಊರುತ್ತದೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಹಾಸ್ಟೆಲ್ ಅಡುಗೆಮನೆಯ ಬಿಸ್ಕತ್ತಿನ ಪೊಟ್ಟಣಗಳೂ ಕಡಿಮೆಯಾಗುತ್ತಿವೆ. ಇಲಿ ಎಂದರೆ ಪೊಟ್ಟಣದ ಚೂರಾದರೂ ಬಿದ್ದಿರಬೇಕಲ್ಲ?

ಸ್ವರ್ಣಲತಾ


ಕ್ಲಾಂಗ್
೧ ಏಪ್ರಿಲ್ ೨೦೨೦

ಸ್ವರ್ಣಕ್ಕ,

ಒಂಟಿಯಾಗಿದ್ದೀರಿ, ಅದಕ್ಕೇ. ನನಗೂ ಇಲ್ಲಿ ಹದಿನೆಂಟನೇ ಮಹಡಿಯಲ್ಲಿ ಲಿಫ್ಟು ತಾನೇ ಬಂದು ನಿಂತು ಬಾಗಿಲು ತೆರೆದ ಹಾಗೆ ಕೇಳಿಸುತ್ತದೆ.

ಅದು ಮಂಗಗಳೇ. ನಿಲಾಯ್‌ನ ಎಣ್ಣೆತಾಳೆ ತೋಟಗಳಿಂದ ಬರುತ್ತವೆ, ಬಿಸ್ಕತ್ತು ಕದಿಯುವುದೂ ಅವೇ. ಹಾಸ್ಟೆಲ್‌ನ ಎರಡನೇ ಮಹಡಿಯಿಂದ ಹಾಲ್‌ನ ಗ್ಯಾಲರಿಗೆ ಹೋಗುವ ಗೋಡೆ, ಛಾವಣಿ ಇರುವ ಸೇತುವೆ ಇದೆಯಲ್ಲ, ಅದರ ಬಾಗಿಲು ತೆರೆದೇ ಇರಬೇಕು. ಅದಕ್ಕೊಂದು ಬೀಗ ಜಡಿದುಬಿಡಿ. ನೆಮ್ಮದಿಯಾಗಿ ನಿದ್ದೆ ಮಾಡಿ.

ಮುಯೀನ್


ನಿಲಾಯ್
೬ ಏಪ್ರಿಲ್ ೨೦೨೦

ಪ್ರಿಯ ಮುಯೀನ್,

ನೀನು ಹೇಳಿದಂತೆ ಮಾಡಿದೆ. ಮೂರನೆಯ ತಾರೀಖು ಶುಕ್ರವಾರ, ಸಂಜೆ ನಾಲ್ಕೂವರೆಗೆ. ಸದ್ದು ಒಳಗೆ ನಡೆಯುತ್ತಿರುವಾಗಲೇ ಸೇತುವೆಯ ಬಾಗಿಲೆಳೆದು ಬೀಗ ಹಾಕಿದೆ. ಕೀಲಿ ಎರಡು ಸಲ ಕೆಳಗೆ ಬಿತ್ತು.

ಮಂಗಗಳೇ ಇರಬೇಕು. ಆ ರಾತ್ರಿಯೂ ಮರುದಿನವೂ ಬಾಗಿಲು ಬಡಿದವು. ನಾನು ಕುರ್ಚಿಯನ್ನು ಮನೆಯ ಮುಂದಿನ ಕೋಣೆಗೆ ಎಳೆದುಕೊಂಡು ರೇಡಿಯೋ ಹಚ್ಚಿ ಕೂತೆ. ನಿನ್ನೆಯಿಂದ ಸದ್ದಿಲ್ಲ. ಇವತ್ತು ನಾಲ್ಕು ಗಂಟೆಗೆ ಕಾದೆ, ಏನೂ ಇಲ್ಲ. ಬಹಳ ದಿನಗಳ ನಂತರ ಗಂಜಿ ಮಾಡಿಕೊಂಡು ಹೊಟ್ಟೆತುಂಬ ಉಂಡೆ. ನಿನ್ನ ಉಪಾಯದಿಂದ ದೊಡ್ಡ ಉಪಕಾರವಾಯಿತು.

ಸ್ವರ್ಣಲತಾ


ಕ್ಲಾಂಗ್
೭ ಏಪ್ರಿಲ್ ೨೦೨೦, ಬೆಳಿಗ್ಗೆ ೯.೪೦

ಸ್ವರ್ಣಕ್ಕ,

ಐದು ಸಲ ಫೋನ್ ಮಾಡಿದೆ. ಆನ್‌ಲೈನ್ ಪಾಠದಲ್ಲಿದ್ದೀರಿ ಎಂದು ಕಾಣುತ್ತದೆ. ಪರದೆಯ ಮೇಲೆ ಈ ಮೇಲ್ ಕಂಡ ಕೂಡಲೇ ಓದಿ.

ಈಗಷ್ಟೇ ಭಟ್ಕಳದಿಂದ ಖುರ್ಷೀದಾ ಎಂಬುವರು ಮಾತಾಡಿದರು. ಆಮ್ನಾಳ ತಾಯಿ. ತಂಗಿಯ ಮಗಳ ಮದುವೆಗೆಂದು ಹೋಗಿ ವಿಮಾನ ನಿಂತು ಅಲ್ಲೇ ಸಿಕ್ಕಿಬಿದ್ದಿದ್ದಾರೆ. ತಂದೆ ಮಹಮ್ಮದ್ ಸಮುದ್ರದ ಮಧ್ಯೆ ತೈಲದ ಪ್ಲಾಟ್‌ಫಾರ್ಮ್ ಮೇಲೆ ಇಂಜಿನಿಯರ್, ಅವರನ್ನೂ ಇಳಿಯಗೊಡುತ್ತಿಲ್ಲ. ಕ್ಲಾಂಗಿನ ಅವರ ಮನೆಗೆ ತಿಂಗಳಿನಿಂದ ಬೀಗ. "ಮಗಳು ದಿನಾ ಮೆಸೇಜ್ ಹಾಕ್ತಿದ್ಲು. ಹಾಸ್ಟೆಲ್‌ನಲ್ಲೇ ಇದ್ದೀನಿ, ಡಾಕ್ಟರ್ ಆಂಟಿ ನೋಡ್ಕೊಳ್ತಾರೆ ಅಂತಿದ್ಲು. ಶುಕ್ರವಾರದಿಂದ ಉತ್ತರ ಇಲ್ಲ. ಹುಷಾರಿಲ್ವಾ ಅವಳಿಗೆ?" ಎಂದು ಕೇಳಿದರು.

ಅವಳು ನಿಮ್ಮ ಹತ್ತಿರ ಇದ್ದಾಳೆಯೇ? ನನ್ನ ಪಟ್ಟಿಯಲ್ಲಿ ಅವಳ ಮುಂದೆ 'ಮನೆಗೆ' ಎಂದಿದೆ. ಕಳಿಸಿದವರು ಯಾರು, ಅವಳು ಮುಟ್ಟಿದಳೇ ಎಂದು ಯಾರೂ ಬರೆದಿಲ್ಲ.

ಇನ್ನೊಂದು ವಿಷಯ. ಮಾರ್ಚ್ ಹದಿನೆಂಟರಿಂದ ನನಗೆ ದಿನಾ ಒಂದು ವಿಡಿಯೊ ಬರುತ್ತಿತ್ತು, ನಿಮ್ಮ ಹಾಲ್‌ನ ಟ್ಯಾಬ್ಲೆಟ್ಟಿನ ವಿಳಾಸದಿಂದ. ಅರ್ಧ ಕತ್ತಲೆಯ ಕೋರ್ಟಿನಲ್ಲಿ ಆಮ್ನಾ. ಒಂದು ಸರ್ವ್ ಹೊಡೆಯುತ್ತಾಳೆ. ಶಟಲ್ ಆಚೆ ಬೀಳುತ್ತದೆ, ವಾಪಸು ಬರುವುದಿಲ್ಲ. ಆದರೂ ಬಂದಂತೆಯೇ ಓಡುತ್ತಾಳೆ, ಹಾರುತ್ತಾಳೆ, ಗಾಳಿಗೆ ಹೊಡೆಯುತ್ತಾಳೆ. ಆಮೇಲೆ ಪಾಯಿಂಟ್ ಕಳೆದುಕೊಂಡವಳಂತೆ ತಲೆ ತಗ್ಗಿಸುತ್ತಾಳೆ. ಎದುರಿಗೆ ಯಾರೂ ಇಲ್ಲ, ಅಕ್ಕ, ಆದರೂ ಪ್ರತಿ ಸಲ ಸೋಲುವವಳು ಅವಳೇ. ಹಾಲ್‌ಗೆ ಬೀಗ ಬಿದ್ದಿದೆ, ಇವು ಹಳೆಯ ವಿಡಿಯೊಗಳು, ನನ್ನನ್ನು ಚುಚ್ಚಲು ನೀವೇ ಕಳಿಸುತ್ತಿದ್ದೀರಿ ಎಂದು ನಂಬಿದ್ದೆ. ಮೂರನೆಯ ತಾರೀಖಿನ ನಂತರ ಬಂದಿಲ್ಲ. ನಿಮ್ಮ ಸಿಟ್ಟು ಇಳಿಯಿತು ಎಂದುಕೊಂಡಿದ್ದೆ.

ಆ ಬಾಗಿಲು ತೆಗೆಯಿರಿ. ಈಗಲೇ.

ಮುಯೀನ್


ನಿಲಾಯ್
೯ ಏಪ್ರಿಲ್ ೨೦೨೦

ಮುಯೀನ್,

ಜೀವ ಇದೆ. ಅದನ್ನು ಮೊನ್ನೆಯೇ ಫೋನಿನಲ್ಲಿ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಬಾಗಿಲು ತೆಗೆದಾಗ ಸೇತುವೆಯ ಆ ತುದಿಯಲ್ಲಿ, ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣುಗಳು ತೆರೆದಿದ್ದವು. ನನ್ನನ್ನು ನೋಡಿದಳು, ಗುರುತು ಹಿಡಿಯಲಿಲ್ಲ. ನಾಲ್ಕು ದಿನ ಬಟ್ಟೆ ಬದಲಿಸುವ ಕೋಣೆಯ ನಲ್ಲಿ ನೀರು ಕುಡಿದೇ ಇದ್ದಾಳೆ. ಬಲಮೊಣಕಾಲು ಊದಿ ಹಲಸಿನಕಾಯಿಯಾಗಿದೆ. ದೇವದಾಸ ಅಷ್ಟು ಹೆದರಿದ್ದವನು, ಕೂಗಿದ ಕೂಡಲೇ ಓಡಿ ಬಂದು ಅವಳನ್ನು ಬೆನ್ನಮೇಲೆ ಹೊತ್ತುಕೊಂಡು ಇಳಿಸಿದ. ಆಸ್ಪತ್ರೆಯಲ್ಲಿ ಎರಡು ಬಾಟಲಿ ಗ್ಲೂಕೋಸ್ ಏರಿಸಿ ನಿನ್ನೆ ಕಳಿಸಿಕೊಟ್ಟರು. ಈಗ ನನ್ನ ಮಂಚದ ಮೇಲೆ ಮಲಗಿದ್ದಾಳೆ. ಕೋಣೆಯ ಬಾಗಿಲು ಹಾಕಗೊಡುವುದಿಲ್ಲ.

ಹದಿನೇಳರಂದು ಎಲ್ಲರೂ ಹೊರಡುವಾಗ ಹಾಸಿಗೆಬಟ್ಟೆ ಇಡುವ ಕೋಣೆಯಲ್ಲಿ ಅವಿತಳಂತೆ. ಊಟ ಅಡುಗೆಮನೆಯಿಂದ, ಫೋನು, ಟ್ಯಾಬ್ಲೆಟ್ಟುಗಳ ಚಾರ್ಜು ಆ ಕೋಣೆಯಲ್ಲೇ; ನಾನು ಬೀಗ ಹಾಕಿದಾಗ ಫೋನು ಅಲ್ಲೇ ಉಳಿಯಿತು. ನಾಲ್ಕರಿಂದ ಐದೂವರೆಯ ತನಕ ಹಾಲ್‌ನ ಪಶ್ಚಿಮದ ಮೇಲ್ಗಾಜಿನಲ್ಲಿ ಬಿಸಿಲು ಬೀಳುತ್ತದೆ. ಕರೆಂಟಿಲ್ಲದ ಆ ಹಾಲ್‌ನಲ್ಲಿ ವಿಡಿಯೊ ತೆಗೆಯಲು ಅದೊಂದೇ ಹೊತ್ತು.

"ಯಾಕೆ ಹೀಗೆ ಮಾಡಿದ್ಯೇ ಮಗಾ?" ಎಂದು ಕೇಳಿದೆ.

"ಫಿಟ್ ಅಂತ ಪ್ರೂವ್ ಮಾಡ್ಬೇಕಿತ್ತು ಆಂಟಿ. ಮುಯೀನ್ ಸರ್ ನೋಡಿದ್ರೆ ಲಿಸ್ಟ್ ಚೇಂಜ್ ಮಾಡ್ತಾರೆ ಅಂತ. ಡೈಲಿ ಕಳಿಸ್ದೆ. ರಿಪ್ಲೈ ಇಲ್ಲ ಲಾ."

"ಎದುರಿಗೆ ಯಾರಿದ್ರು?"

"ಸಮೀಕ್ಷಾ," ಎಂದಳು. "ನನ್ನ ಪ್ಲೇಸ್ ಅವಳಿಗೆ ಕೊಟ್ರಲ್ಲ. ಫಸ್ಟ್ ಡೇ ಸುಮ್ನೆ ಇಮ್ಯಾಜಿನ್ ಮಾಡ್ದೆ. ಆಮೇಲೆ ಅವಳೇ ಬರ್ತಿದ್ಲು. ಒಂದು ಗೇಮ್ ಕೂಡ ಬಿಟ್ಕೊಡ್ಲಿಲ್ಲ ಆಂಟಿ. ಡೋರ್ ಲಾಕ್ ಆದ್ಮೇಲೂ ಆಡ್ತಿದ್ಲು, ನಾನು ಕೂತ್ಕೊಂಡು ನೋಡ್ದೆ."

ಸಮೀಕ್ಷಾಳನ್ನು ಅವಳು ಒಮ್ಮೆಯೂ ಕಂಡಿಲ್ಲ, ಮುಯೀನ್. ಪಟ್ಟಿಯಲ್ಲಿ ಓದಿದ ಹೆಸರು ಮಾತ್ರ ಗೊತ್ತು.

ಈಗ ನನ್ನದು. ಫಾರಮಿನಲ್ಲಿ ಎರಡೇ ಚೌಕ ಇದ್ದವು, ಆಡಲು ಯೋಗ್ಯ, ಅಯೋಗ್ಯ. ಆರು ತಿಂಗಳು ವಿಶ್ರಾಂತಿ ಕೊಟ್ಟರೆ ಸರಿಹೋಗುವ ಕಾಲು. ಕಾಲೇಜಿಗೆ ಹೊರಡುವ ಅವಸರದಲ್ಲಿ 'ಅಯೋಗ್ಯ'ಕ್ಕೆ ಗುರುತು ಹಾಕಿದೆ. ಷರಾ ಬರೆಯುವ ಸಾಲನ್ನು ಖಾಲಿ ಬಿಟ್ಟೆ. ಅದು ಗೊತ್ತಿದ್ದೇ 'ಏಕೆ ಬಿಟ್ಟಿರಿ' ಎಂದು ನಿನ್ನನ್ನು ಕೇಳಿದೆ.

ಹೆಜ್ಜೆ ಯಾರದೆಂದು ಮೊದಲ ದಿನವೇ ಗೊತ್ತಾಗಿತ್ತು. ಅವಳು ಸತ್ತಿರಬೇಕು, ನನ್ನನ್ನು ಕೇಳಲು ಬಂದಿರಬೇಕು ಎಂದುಕೊಂಡೆ. ಇಷ್ಟು ಓದಿದವಳು ಹಾಗೆಯೇ ನಂಬಿದೆ. ಬಾಗಿಲು ಬಡಿದದ್ದು ಮಂಗಗಳಲ್ಲವೆಂಬುದೂ ನನಗೆ ಗೊತ್ತಿತ್ತು. ಅಂಗೈಯಲ್ಲಿ ಬಡಿದ ಸದ್ದು ಬೇರೆ. ಕೇಳಿಸಿಕೊಂಡೇ ರೇಡಿಯೋ ಜೋರು ಮಾಡಿದೆ.

ಸ್ವರ್ಣಲತಾ


ಕ್ಲಾಂಗ್
೧೫ ಏಪ್ರಿಲ್ ೨೦೨೦

ಸ್ವರ್ಣಕ್ಕ,

ನಿಮ್ಮ ಪತ್ರವನ್ನು ಆರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ ಹಾಗಾಯಿತು. ನೀವಷ್ಟು ಬರೆದ ಮೇಲೆ ನಾನು ಸುಮ್ಮನಿರಲಾರೆ.

ನಿಮ್ಮ ಫಾರಂ ಬಂದಾಗ ಷರಾ ಖಾಲಿ ಇದ್ದದ್ದನ್ನು ನೋಡಿದ್ದೆ. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಸಂಜೆಯೊಳಗೆ ಎಂಟು ಜನರನ್ನು ಕಡಿಮೆ ಮಾಡಬೇಕಿತ್ತು. ಏಳು ಹೆಸರು ಸಿಕ್ಕಿದ್ದವು. ನಿಮ್ಮ ಫಾರಂ ನೋಡಿ ನನಗೆ ಸಮಾಧಾನವಾಯಿತು ಎಂದರೆ ನಂಬುತ್ತೀರಾ? ಕೆಲಸ ಮುಗಿಯಿತು ಎಂಬ ಸಮಾಧಾನ.

ವಿಡಿಯೊಗಳು ಒಟ್ಟು ಹದಿನೇಳು. ಹದಿನಾರನ್ನು ನೋಡಿದ್ದೆ. ಕೊನೆಯದು ಮೂರನೆಯ ತಾರೀಖು ಸಂಜೆ ಆರಕ್ಕೆ ಬಂದದ್ದು, 'ಸಾಕು' ಎಂದು ಬರೆದರೂ ಅಕ್ಕ ಬಿಡಲೊಲ್ಲರು ಎಂದು ತೆರೆಯದೇ ಬಿಟ್ಟೆ. ಏಳನೆಯ ತಾರೀಖು ನಿಮಗೆ ಮೇಲ್ ಕಳಿಸಿದ ಮೇಲೆ ತೆರೆದೆ. ಅದರಲ್ಲಿ ಆಟವಿಲ್ಲ. ಮುಚ್ಚಿದ ಬಾಗಿಲೊಂದೇ ಕಾಣುತ್ತದೆ, ಕೈ ಅಲ್ಲಾಡಿ ಮಸುಕಾಗಿದೆ. ಅವಳ ದನಿ ಮೆಲ್ಲಗಿದೆ, ತೊಂದರೆ ಕೊಡುತ್ತಿದ್ದೇನೆ ಎಂಬ ಸಂಕೋಚದ ದನಿ. "ಸರ್, ಯಾರೋ ಲಾಕ್ ಮಾಡಿದ್ದಾರೆ. ಟ್ಯಾಬ್ ಚಾರ್ಜ್ ಮುಗೀತಾ ಇದೆ. ನೀವು ಇದನ್ನ ಡೈಲಿ ನೋಡ್ತೀರಲ್ಲ, ಆಂಟಿಗೆ ಸ್ವಲ್ಪ ಹೇಳ್ತೀರಾ?"

ನಾನು ದಿನಾ ನೋಡುತ್ತೇನೆ ಎಂದು ಅವಳು ನಂಬಿದ್ದಳು.

ಕ್ಲಬ್ಬಿನವರಿಗೆ ಎಲ್ಲ ತಿಳಿಸಿದ್ದೇನೆ, ನನ್ನದನ್ನೂ ಸೇರಿಸಿ. ಖುರ್ಷೀದಾ ಅವರಿಗೂ ನಾನೇ ಹೇಳಿದೆ. ಅವರು ಬಯ್ಯಲಿಲ್ಲ. ಫೋನು ಕೆಳಗಿಟ್ಟರು.

ಮುಯೀನ್


ನಿಲಾಯ್
೧೨ ನವೆಂಬರ್ ೨೦೨೦

ಪ್ರಿಯ ಮುಯೀನ್,

ಏಳು ತಿಂಗಳು ನಾವಿಬ್ಬರೂ ಬರೆಯಲಿಲ್ಲ. ನೀನು ಆಮ್ನಾಳ ಬಗ್ಗೆ ಅವಳ ತಂದೆಯ ಹತ್ತಿರ ವಿಚಾರಿಸುತ್ತಿರುವುದು ಗೊತ್ತು. ನನ್ನ ಹತ್ತಿರವೇ ಕೇಳಬಹುದಿತ್ತು.

ಖುರ್ಷೀದಾ ಜುಲೈಯಲ್ಲಿ ಬಂದಿಳಿದರು. ಹದಿನಾಲ್ಕು ದಿನ ಹೋಟೆಲಿನ ಕ್ವಾರಂಟೈನ್ ಮುಗಿಸಿ ನೇರ ನನ್ನ ಮನೆಗೆ ಬಂದು, ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಎಲ್ಲ ಹೇಳಿದೆ, ರೇಡಿಯೋದ ಮಾತನ್ನೂ ಬಿಡಲಿಲ್ಲ. ಕೇಳಿ, "ನನ್ನ ಮಗಳು ಮೂರು ತಿಂಗಳು ನಿಮ್ಮ ಕೈಯೂಟ ಉಂಡಿದ್ದಾಳೆ. ಅದಕ್ಕೇ ನಿಮ್ಮ ಮನೆ ನೀರು ಕುಡೀತಿದ್ದೀನಿ. ಇಲ್ದಿದ್ರೆ ಕುಡೀತಿರ್ಲಿಲ್ಲ," ಎಂದರು. ಆ ಮಾತನ್ನು ನಾನು ದಿನಾ ನೆನೆಯುತ್ತೇನೆ.

ಆಗಸ್ಟಿನಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ನಡೆಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ. ಆಟಕ್ಕೆ ಆ ಕಾಲು ಇನ್ನಿಲ್ಲ. ಕ್ಲಬ್ಬಿನವರು ಮತ್ತೆ ಎರಡನೇ ತಂಡಕ್ಕೆ ಸೇರಿಸುತ್ತೇವೆ ಎಂದು ಪತ್ರ ಕಳಿಸಿದ್ದರಲ್ಲ, ಅದನ್ನು ಓದಿ ಮಡಿಸಿ ತಾಯಿಯ ಕೈಗೆ ಕೊಟ್ಟಳು. ಈಗ ಕ್ಲಾಂಗಿನ ಮನೆಯಲ್ಲಿದ್ದಾಳೆ, ಕಾಲೇಜಿಗೆ ಅರ್ಜಿ ಹಾಕಿದ್ದಾಳೆ. ಮುಚ್ಚಿದ ಬಾಗಿಲ ಹಿಂದೆ ಇವತ್ತಿಗೂ ಮಲಗುವುದಿಲ್ಲ.

ಹೊರಡುವ ದಿನ ಕಾರಿನಲ್ಲಿ ಕೂತು ಕೇಳಿದಳು: "ಆಂಟಿ, ನನ್ಹಾಗೆ ಲಿಸ್ಟಿಂದ ಬಿಟ್ಟೋರೆಲ್ಲ ಮನೆಗೆ ಹೋದ್ರಾ? ಯಾರಾದ್ರೂ ಚೆಕ್ ಮಾಡಿದ್ರಾ?"

ಪಟ್ಟಿಗಳು ನಿನ್ನ ಹತ್ತಿರ ಇವೆ.

ಸ್ವರ್ಣಲತಾ


ಕ್ಲಾಂಗ್
೨೪ ಜನವರಿ ೨೦೨೧

ಸ್ವರ್ಣಕ್ಕ,

ನಿಮ್ಮ ಪತ್ರ ಬಂದ ವಾರವೇ ಶುರುಮಾಡಿದೆ. ಎಂಟು ವರ್ಷಗಳಲ್ಲಿ ಮೂರು ತಂಡಗಳಿಂದ 'ಮನೆಗೆ' ಎಂದು ಬಿಟ್ಟವರು ತೊಂಬತ್ತೊಂದು ಜನ. ದಿನಕ್ಕೊಬ್ಬರಂತೆ ಫೋನ್ ಮಾಡುತ್ತಿದ್ದೇನೆ. "ಕ್ಲಬ್ಬಿನಿಂದ" ಎಂದ ಕೂಡಲೇ ಕೆಲವರು ಮತ್ತೆ ಕರೆಯುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಇಪ್ಪತ್ತೆಂಟು ವರ್ಷದ ಒಬ್ಬ, ಎರಡು ಮಕ್ಕಳ ತಂದೆ, "ಶೂ ಇನ್ನೂ ಇಟ್ಟಿದ್ದೀನಿ ಸರ್" ಎಂದ. ಸುಮ್ಮನೆ ಹೇಗಿದ್ದೀರಿ ಎಂದು ಕೇಳಲು ಎಂದರೆ ನಂಬುವುದಿಲ್ಲ.

ಕಳೆದ ಸೋಮವಾರ ತೆಲುಕ್ ಇಂತಾನ್ ಊರಿನ ಒಂದು ಮನೆಗೆ ಮಾಡಿದೆ. ಫೈಝಲ್, ಮೂರನೇ ತಂಡ, ೨೦೧೮ರ ಅಕ್ಟೋಬರಿನಲ್ಲಿ ಬಿಟ್ಟದ್ದು. ತಾಯಿ ಎತ್ತಿದರು. ಮಗ ಇದ್ದಾನೆಯೇ ಎಂದೆ. ಅವರು ನಕ್ಕರು. "ಏನು ಸರ್, ನಿಮ್ಮ ಹತ್ತಿರ ಇರೋನನ್ನ ನನ್ನ ಕೇಳ್ತೀರಾ? ಈಗ ಪ್ರ್ಯಾಕ್ಟೀಸ್ ಹೊತ್ತಲ್ವಾ?"

ನನ್ನ ಬಾಯಿಂದ "ಹೌದಮ್ಮ" ಎಂದು ಬಂದುಬಿಟ್ಟಿತು. ಅವನ ಹೊಸ ನಂಬರ್ ಕಳೆದುಹೋಗಿದೆ ಎಂದು ಸುಳ್ಳು ಹೇಳಿ ಪಡೆದೆ. ಮಾಡಿದೆ. ಹಿಂದೆ ಕ್ರೇನಿನ ಗದ್ದಲ. ನಮ್ಮ ಬಂದರಿನಲ್ಲೇ, ಕಂಟೇನರ್ ಯಾರ್ಡಿನಲ್ಲಿ ಕೆಲಸ. "ನಿಮ್ಮ ಕಟ್ಟಡದ ಛಾವಣಿ ಇಲ್ಲಿಂದ ಕಾಣುತ್ತೆ ಸರ್," ಎಂದ. ನನ್ನ ಮೇಜಿನಿಂದ ಎರಡು ಕಿಲೋಮೀಟರ್.

ಮರುದಿನ ಮಧ್ಯಾಹ್ನ ಹೋದೆ. ತೆಳ್ಳಗಿದ್ದಾನೆ, ಇಪ್ಪತ್ತಮೂರು. ಮಾಸ್ಕಿನ ಮೇಲಿನ ಕಣ್ಣು ನನ್ನ ಮುಖ ಬಿಡಲಿಲ್ಲ. "ಮತ್ತೆ ತಗೊಳ್ತೀರಾ ಸರ್?"

"ಇಲ್ಲ," ಎಂದೆ. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಒಬ್ಬರ ಮುಖ ನೋಡಿ ಹೇಳಿದ್ದು ಅದೇ ಮೊದಲು.

ಅವನು ಸ್ವಲ್ಪ ಹೊತ್ತು ಹಡಗುಗಳ ಕಡೆ ನೋಡಿದ. "ಹಾಗಾದ್ರೆ ಅಮ್ಮನಿಗೆ ನೀವೇ ಹೇಳಿ. ನಂಗೆ ಬಾಯಿ ಬರಲ್ಲ."

ಅಲ್ಲೇ ಹಲಗೆಗಳ ಮೇಲೆ ಕೂತು ಫೋನ್ ಮಾಡಿದೆವು, ಸ್ಪೀಕರಿಗೆ ಹಾಕಿ. ಎಲ್ಲ ಹೇಳಿದೆ. ಯಾವ ವರ್ಷ ಬಿಟ್ಟೆವು, ಪಟ್ಟಿ ಮಾಡಿದವನು ನಾನೇ, ನಿನ್ನೆ ಸುಳ್ಳು ಹೇಳಿದ್ದೂ ನಾನೇ. ಆಮೇಲೆ ತಾಯಿ ಕೇಳಿದರು, ಅಳುತ್ತಿರಲಿಲ್ಲ, ನಿಜವಾಗಿ ತಿಳಿಯಬೇಕು ಎಂಬ ದನಿ:

"ಪ್ರತಿ ಭಾನುವಾರ ಅವನು ಮ್ಯಾಚ್ ಕಥೆ ಹೇಳ್ತಿದ್ನಲ್ಲ. ಒಂದೊಂದು ಪಾಯಿಂಟೂ ಹೇಳ್ತಿದ್ದ. ಹಾಗಾದ್ರೆ ಆ ಮ್ಯಾಚೆಲ್ಲ ಆಡಿದ್ದು ಯಾರು?"

ಫೈಝಲ್ ನನ್ನ ಕೈಯಿಂದ ಫೋನ್ ತೆಗೆದುಕೊಂಡ. ಸ್ಪೀಕರ್ ಆರಿಸಿದ.

"ನಾನೇ ಅಮ್ಮ," ಎಂದ. "ಎಲ್ಲಾ ನಾನೇ ಆಡಿದ್ದು."

ನಾನು ಎದ್ದು ದೂರ ಹೋಗಿ ನಿಂತೆ. ಅವರು ಮುಕ್ಕಾಲು ಗಂಟೆ ಮಾತಾಡಿದರು. ಶನಿವಾರ ಊರಿಗೆ ಹೋಗಲು ಅವನಿಗೆ ಪೊಲೀಸರ ಅನುಮತಿ ಪತ್ರ ಮಾಡಿಸಿಕೊಟ್ಟೆ. ಮುಟ್ಟಿದೆ ಎಂದು ನಿನ್ನೆ ರಾತ್ರಿ ಮೆಸೇಜ್ ಬಂತು. ಪಟ್ಟಿ ಮಾಡುವ ಕೆಲಸಕ್ಕೆ ಈ ತಿಂಗಳ ಕೊನೆಗೆ ರಾಜೀನಾಮೆ ಕೊಡುತ್ತಿದ್ದೇನೆ, ಅಕ್ಕ. ಆದರೆ ಫೋನ್ ಮುಗಿಸಿಯೇ ಹೋಗುತ್ತೇನೆ.

ಇನ್ನು ಇಪ್ಪತ್ತಾರು ಹೆಸರು ಉಳಿದಿವೆ. ಅದರಲ್ಲಿ ಮೂವರು ನಿಲಾಯ್ ಸುತ್ತಮುತ್ತಲಿನವರು, ಫೋನ್ ಹತ್ತುತ್ತಿಲ್ಲ. ವಿಳಾಸಗಳನ್ನು ಈ ಮೇಲ್‌ಗೆ ಲಗತ್ತಿಸಿದ್ದೇನೆ. ನೀವು ಒಮ್ಮೆ ಹೋಗಿ ಬಾಗಿಲು ತಟ್ಟುತ್ತೀರಾ?

ನಿಮ್ಮ
ಮುಯೀನ್